ನವೋದ್ಯಮಗಳು ಗೆಲ್ಲುವುದೇಕೆ, ಜನ ಅಲ್ಲಿ ದುಡಿಯುವುದೇಕೆ?: ಕುಂದಾಪುರ ಸೀಮೆಯಿಂದ ಒಂದು ನೋಟ

ಕುಂದಾಪುರ: ಎಂಜಿನಿಯರಿಂಗ್ ಮುಗಿಸಿದ ಮಗನೋ ಮಗಳೋ ಹೆಸರೇ ಕೇಳದ ಹೊಸ ಕಂಪನಿಯೊಂದಕ್ಕೆ ಸೇರುತ್ತೇನೆಂದು ಹೇಳಿದಾಗ ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಮನೆಗಳಲ್ಲಿ ಮೊದಲು ಕೇಳಿಬರುವುದು ಒಂದೇ ಪ್ರಶ್ನೆ: ‘ಸಂಬ್ಳ ಸಮ ಬತ್ತಾ?’ ಅದರ ಬೆನ್ನಿಗೇ ಎರಡನೆಯ ಪ್ರಶ್ನೆ ಬರುತ್ತದೆ. ಕಂಪನಿ ಎಷ್ಟು ವರ್ಷ ಉಳಿದೀತು?

ಹೊಸ ಪೀಳಿಗೆಗೆ ಇವು ಹಳೆಯ ಕಾಲದ ಪ್ರಶ್ನೆಗಳೆಂದು ತೋರಬಹುದು. ಆದರೆ ತಂತ್ರಜ್ಞಾನ ನವೋದ್ಯಮಗಳಿಗೆ ಬಂಡವಾಳ ಹೂಡುವವರು ಕೇಳುವುದೂ ಹೆಚ್ಚುಕಡಿಮೆ ಇವನ್ನೇ. ಕೆಲವು ಕಂಪನಿಗಳು ಏಕೆ ಗೆಲ್ಲುತ್ತವೆ, ಹಲವು ಏಕೆ ಮುಚ್ಚುತ್ತವೆ, ಅನಿಶ್ಚಿತತೆ ತಿಳಿದೂ ಸಾವಿರಾರು ಮಂದಿ ಅಲ್ಲಿ ಏಕೆ ದುಡಿಯುತ್ತಾರೆ ಎಂಬುದನ್ನು ಕರಾವಳಿಯ ಹಾಗೂ ರಾಜ್ಯದ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

ನವೋದ್ಯಮ ಎಂದರೇನು?

ಹೊಸದಾಗಿ ಆರಂಭವಾದ ಎಲ್ಲ ವ್ಯವಹಾರವೂ ನವೋದ್ಯಮವಲ್ಲ. ಕುಂದಾಪುರದ ಶಾಸ್ತ್ರಿ ಸರ್ಕಲ್ ಬಳಿ ಮೊಬೈಲ್ ಅಂಗಡಿ ತೆರೆದರೆ ಅದು ಹೊಸ ವ್ಯಾಪಾರ. ಅಂಗಡಿಯ ವಹಿವಾಟು ಹತ್ತು ಪಟ್ಟಾಗಬೇಕಾದರೆ ಜಾಗ, ಸರಕು, ನೌಕರರು ಎಲ್ಲವೂ ಬಹುತೇಕ ಅದೇ ಪ್ರಮಾಣದಲ್ಲಿ ಹೆಚ್ಚಬೇಕು. ತಂತ್ರಾಂಶದ ಸ್ಥಿತಿ ಬೇರೆ. ಒಮ್ಮೆ ಸಿದ್ಧವಾದ ತಂತ್ರಾಂಶವನ್ನು ನೂರು ಜನ ಬಳಸಿದರೂ ಲಕ್ಷ ಜನ ಬಳಸಿದರೂ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಹೀಗೆ ಅಲ್ಪಕಾಲದಲ್ಲಿ ಬಹುಪಟ್ಟು ಬೆಳೆಯುವ ಉದ್ದೇಶದಿಂದಲೇ ಹುಟ್ಟುವ ಸಂಸ್ಥೆಯನ್ನು ನವೋದ್ಯಮ ಅಥವಾ ಸ್ಟಾರ್ಟ್‌ಅಪ್ ಎನ್ನುವುದು ರೂಢಿ.

ಕೇಂದ್ರ ಸರ್ಕಾರವು 2016ರ ಜನವರಿ 16ರಂದು ಸ್ಟಾರ್ಟ್‌ಅಪ್ ಇಂಡಿಯಾ ಕಾರ್ಯಕ್ರಮಕ್ಕೆ ಚಾಲನೆ ನೀಡಿತು. 2019ರ ಅಧಿಸೂಚನೆಯಲ್ಲಿ ನೋಂದಣಿಯಾಗಿ 10 ವರ್ಷ ಮೀರದ, ಯಾವುದೇ ವರ್ಷ 100 ಕೋಟಿ ರೂ. ವಹಿವಾಟು ದಾಟದ ಸಂಸ್ಥೆ ಎಂಬ ಮಿತಿಯನ್ನು ನಿಗದಿಪಡಿಸಿತ್ತು. ಕರ್ನಾಟಕ ಸರ್ಕಾರ ಅದಕ್ಕೂ ಮೊದಲೇ, 2015ರಲ್ಲಿ, ತನ್ನದೇ ನವೋದ್ಯಮ ನೀತಿಯನ್ನು ಪ್ರಕಟಿಸಿತ್ತು. 2017ರಲ್ಲಿ ಆರಂಭವಾದ ‘ಎಲಿವೇಟ್’ ಯೋಜನೆಯಡಿ ಆಯ್ಕೆಯಾದ ಸಂಸ್ಥೆಗಳಿಗೆ 50 ಲಕ್ಷ ರೂ.ವರೆಗೆ ಅನುದಾನ ದೊರೆಯುವ ವ್ಯವಸ್ಥೆಯಾಯಿತು.

ಹಳೆಯ ಬೇರುಗಳು

ಪದ ಹೊಸದಾದರೂ ಪ್ರವೃತ್ತಿ ಕರಾವಳಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8 ಸಾವಿರ ರೂ. ಬಂಡವಾಳದೊಂದಿಗೆ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಡಾ. ಟಿ.ಎಂ.ಎ. ಪೈ ವೈದ್ಯರು. ಸಂಕಷ್ಟದಲ್ಲಿದ್ದ ಕೈಮಗ್ಗ ನೇಕಾರರಿಗೆ ನೆರವಾಗುವುದು ಉದ್ದೇಶವಾಗಿತ್ತು. 1928ರಲ್ಲಿ ಈ ಸಂಸ್ಥೆ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ತೆರಳಿ ಸಂಗ್ರಹಿಸತೊಡಗಿತು. ಜನರ ಬಳಿ ಉಳಿತಾಯಕ್ಕೆ ಹಣವಿರಲಿಲ್ಲ ಎಂದಲ್ಲ, ಬ್ಯಾಂಕಿಗೆ ಹೋಗುವಷ್ಟು ಮೊತ್ತ ಒಮ್ಮೆಗೇ ಕೂಡುತ್ತಿರಲಿಲ್ಲ. ಆ ಅಡಚಣೆಯನ್ನು ಕಂಡುಕೊಂಡದ್ದೇ ಬೆಳವಣಿಗೆಗೆ ದಾರಿಯಾಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು.

ಇಂದಿನ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟ ಸಮೀಪದ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯ ಹಾಗೂ ಸೋದರರ ಕಥೆಯೂ ಇಂಥದೇ. 1924ರಲ್ಲಿ ಬೆಂಗಳೂರಿನಲ್ಲಿ ಅವರು ತೆರೆದ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ರವೆ ಇಡ್ಲಿ ಮಾಡಿದ್ದು ತಾವೇ ಎಂದು ಸಂಸ್ಥೆ ಹೇಳಿಕೊಂಡಿದೆ. ತುರ್ತುಪರಿಸ್ಥಿತಿಯ ಅವಧಿಯಲ್ಲಿ ಹೋಟೆಲ್ ತಿಂಡಿಗಳ ದರಕ್ಕೆ ಸರ್ಕಾರ ಕಡಿವಾಣ ಹಾಕಿದಾಗ ಸಂಸ್ಥೆ ಸಿದ್ಧ ಆಹಾರ ಮಿಶ್ರಣಗಳ ಮಾರಾಟದತ್ತ ಹೊರಳಿತು. ಆ ಮಿಶ್ರಣಗಳ ವ್ಯವಹಾರವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಖರೀದಿಸಿತು. ಮೂಲ ಯೋಜನೆಗೆ ತಡೆಯುಂಟಾದಾಗ ತಮ್ಮ ಕೈಯಲ್ಲಿರುವ ಕೌಶಲವನ್ನೇ ಬೇರೊಂದು ಮಾರುಕಟ್ಟೆಗೆ ತಿರುಗಿಸುವ ಈ ಕ್ರಮವನ್ನು ಇಂದಿನ ನವೋದ್ಯಮಿಗಳು ‘ಪಿವಟ್’ ಎಂದು ಕರೆಯುತ್ತಾರೆ.

ಉಡುಪಿಯ ರೋಬೋಸಾಫ್ಟ್

ತಂತ್ರಜ್ಞಾನ ಕ್ಷೇತ್ರದಲ್ಲಿ ಈ ಭಾಗಕ್ಕೆ ಅತಿ ಹತ್ತಿರದ ಉದಾಹರಣೆ ಉಡುಪಿಯ ರೋಬೋಸಾಫ್ಟ್ ಟೆಕ್ನಾಲಜೀಸ್. ರೋಹಿತ್ ಭಟ್ ಅವರು 1996ರಲ್ಲಿ ಇದನ್ನು ಸ್ಥಾಪಿಸಿದಾಗ ಉಡುಪಿ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಕೊಂಕಣ ರೈಲು ಪೂರ್ಣವಾಗಿ ಓಡುತ್ತಿರಲಿಲ್ಲ. ಮಾಹಿತಿ ತಂತ್ರಜ್ಞಾನವೆಂದರೆ ಬೆಂಗಳೂರು ಎಂದೇ ಎಲ್ಲರೂ ತಿಳಿದಿದ್ದ ಕಾಲವದು.

ಸಂಸ್ಥೆ ಆರಂಭದಲ್ಲಿ ಆಯ್ದುಕೊಂಡದ್ದು ಆ್ಯಪಲ್ ಕಂಪನಿಯ ಮ್ಯಾಕ್ ಗಣಕಯಂತ್ರಗಳಿಗೆ ತಂತ್ರಾಂಶ ರಚಿಸುವ ಕೆಲಸವನ್ನು. ಆ ದಿನಗಳಲ್ಲಿ ಅದು ಚಿಕ್ಕ ಮಾರುಕಟ್ಟೆ. ಆದ್ದರಿಂದಲೇ ಪೈಪೋಟಿಯೂ ಕಡಿಮೆ. 2008ರ ಜುಲೈನಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದಾಗ ಚಿತ್ರ ಬದಲಾಯಿತು. ಮ್ಯಾಕ್ ತಂತ್ರಾಂಶಕ್ಕೆ ಬಳಸುತ್ತಿದ್ದ ಭಾಷೆ, ಸಾಧನಗಳೇ ಐಫೋನಿಗೂ ಬೇಕಾದವು. ಉಳಿದವರು ಆಗ ಕಲಿಯಲು ಕುಳಿತದ್ದನ್ನು ಉಡುಪಿಯ ತಂಡ ಅದಕ್ಕೂ ಮೊದಲೇ ಕಲಿತಿತ್ತು. ಇದೇ ಬಳಗದಿಂದ ಗ್ಲೋಬಲ್ ಡಿಲೈಟ್ ಮತ್ತು ಆಟಗಳನ್ನು ರಚಿಸುವ 99ಗೇಮ್ಸ್ ಎಂಬ ಸಂಸ್ಥೆಗಳು ಬೆಳೆದವು. ಉಡುಪಿಯಲ್ಲಿ ರಚಿತವಾಗಿ 2014ರಲ್ಲಿ ಬಿಡುಗಡೆಯಾದ ‘ಸ್ಟಾರ್ ಶೆಫ್’ ಎಂಬ ಅಡುಗೆ ಆಟವನ್ನು ಹಲವು ದೇಶಗಳಲ್ಲಿ ಜನ ಆಡಿದರು. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಹೋಲ್ಡಿಂಗ್ಸ್ ಸಂಸ್ಥೆಯು ರೋಬೋಸಾಫ್ಟನ್ನು ಸುಮಾರು 805 ಕೋಟಿ ರೂ. ಮೌಲ್ಯಕ್ಕೆ ಖರೀದಿಸುವ ಒಪ್ಪಂದ ಮಾಡಿಕೊಂಡಿತು.

1996ರಿಂದ 2021ರವರೆಗೆ 25 ವರ್ಷಗಳು. ಪತ್ರಿಕೆಗಳಲ್ಲಿ ‘ದಿಢೀರ್ ಯಶಸ್ಸು’ ಎಂದು ವರದಿಯಾಗುವ ಹಲವು ಕಥೆಗಳ ಹಿಂದೆ ಇಂಥ ದೀರ್ಘ ಕಾಲವಿರುತ್ತದೆ ಎಂಬುದು ಗಮನಾರ್ಹ.

ಗೆಲುವಿಗೆ ಕಾರಣಗಳೇನು?

ಅಗತ್ಯ: ಮುಚ್ಚಿಹೋದ 101 ನವೋದ್ಯಮಗಳನ್ನು ಅಮೆರಿಕದ ಸಿಬಿ ಇನ್‌ಸೈಟ್ಸ್ ಸಂಸ್ಥೆ ವಿಶ್ಲೇಷಿಸಿದಾಗ ಶೇ 42ರಷ್ಟು ಪ್ರಕರಣಗಳಲ್ಲಿ ‘ಮಾರುಕಟ್ಟೆಗೆ ಅದರ ಅಗತ್ಯವೇ ಇರಲಿಲ್ಲ’ ಎಂಬುದು ಕಾರಣಗಳಲ್ಲಿ ಒಂದಾಗಿತ್ತು. ಪಟ್ಟಿಯಲ್ಲಿ ಮೊದಲ ಸ್ಥಾನವೂ ಅದಕ್ಕೇ. ಹಣ ಮುಗಿದದ್ದು ಎರಡನೆಯದು. ಅಗತ್ಯವನ್ನು ಸ್ವತಃ ಅನುಭವಿಸಿದವರು ಈ ತಪ್ಪನ್ನು ಮಾಡುವುದು ಕಡಿಮೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿದ ಶಶಾಂಕ್ ಎನ್.ಡಿ. ಅವರು ತಂದೆಯ ಮೊಣಕಾಲು ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ವೈದ್ಯಕೀಯ ದಾಖಲೆಗಳನ್ನು ಬೇರೆ ವೈದ್ಯರಿಗೆ ಕಳುಹಿಸಲು ಪಟ್ಟ ಪಾಡೇ 2008ರಲ್ಲಿ ಅಭಿನವ್ ಲಾಲ್ ಅವರೊಂದಿಗೆ ‘ಪ್ರಾಕ್ಟೋ’ ಸ್ಥಾಪಿಸಲು ಪ್ರೇರಣೆಯಾಯಿತು.

ಕಾಲ: ಅಮೆರಿಕದ ಉದ್ಯಮಿ ಬಿಲ್ ಗ್ರಾಸ್ ಸುಮಾರು 200 ಕಂಪನಿಗಳನ್ನು ಹೋಲಿಸಿ 2015ರಲ್ಲಿ ನೀಡಿದ ಉಪನ್ಯಾಸದಲ್ಲಿ, ಸೋಲು ಗೆಲುವಿನ ನಡುವಿನ ವ್ಯತ್ಯಾಸಕ್ಕೆ ಸಕಾಲಿಕತೆಯೇ ಎಲ್ಲಕ್ಕಿಂತ ದೊಡ್ಡ ಕಾರಣವೆಂದರು. ಅವರ ಲೆಕ್ಕದಲ್ಲಿ ಕಾಲಕ್ಕೆ ಶೇ 42, ತಂಡಕ್ಕೆ ಶೇ 32, ಕಲ್ಪನೆಗೆ ಶೇ 28, ವ್ಯವಹಾರ ಮಾದರಿಗೆ ಶೇ 24, ಹಣಕ್ಕೆ ಶೇ 14. ಕಾರಣಗಳು ಒಂದರೊಳಗೊಂದು ಬೆರೆತಿರುವುದರಿಂದ ಇವನ್ನು ಕೂಡಿಸಿ ನೂರಕ್ಕೆ ಹೊಂದಿಸುವಂತಿಲ್ಲ. ಇದು ಒಬ್ಬ ಹೂಡಿಕೆದಾರನ ಅಂದಾಜೇ ಹೊರತು ವಿಜ್ಞಾನದ ಸೂತ್ರವಲ್ಲ. ಆದರೂ ಹಣ ಕೊನೆಯ ಸ್ಥಾನದಲ್ಲಿರುವುದು ಗಮನಿಸಬೇಕಾದ ಸಂಗತಿ.

ತಂಡ: ಸಿಂಡಿಕೇಟ್ ಬ್ಯಾಂಕಿನ ಮೂವರು ಸ್ಥಾಪಕರು ಮೂರು ವೃತ್ತಿಗಳವರಾಗಿದ್ದುದು ಆಕಸ್ಮಿಕವಿರಬಹುದು, ಪರಿಣಾಮ ಮಾತ್ರ ಆಕಸ್ಮಿಕವಲ್ಲ. ತಂತ್ರಾಂಶ ಬರೆಯಬಲ್ಲವರು, ಅದನ್ನು ಮಾರಬಲ್ಲವರು, ಲೆಕ್ಕ ನೋಡಬಲ್ಲವರು ಒಟ್ಟಿಗಿರಬೇಕು. ಕಾಲೇಜು ಬಿಟ್ಟ ಇಪ್ಪತ್ತರ ತರುಣನೇ ಯಶಸ್ವಿಯಾಗುತ್ತಾನೆಂಬ ನಂಬಿಕೆಗೂ ಆಧಾರ ಕಡಿಮೆ. ಅಮೆರಿಕದ ಅರ್ಥಶಾಸ್ತ್ರಜ್ಞರು 2018ರಲ್ಲಿ ಹೊರತಂದ ಅಧ್ಯಯನದಂತೆ ಅತಿವೇಗವಾಗಿ ಬೆಳೆದ ಕಂಪನಿಗಳನ್ನು ಕಟ್ಟಿದವರ ಸರಾಸರಿ ವಯಸ್ಸು ಸ್ಥಾಪನೆಯ ಹೊತ್ತಿಗೆ 45. ಅದೇ ಕ್ಷೇತ್ರದಲ್ಲಿ ದುಡಿದ ಅನುಭವ ಗೆಲುವಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ಹಣ: ನವೋದ್ಯಮಿಗಳು ‘ರನ್‌ವೇ’ ಎನ್ನುವುದು ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು ಎಂಬ ಲೆಕ್ಕಕ್ಕೆ. ಬ್ಯಾಂಕಿನಲ್ಲಿ 2 ಕೋಟಿ ರೂ. ಇದೆ, ತಿಂಗಳ ಖರ್ಚು 20 ಲಕ್ಷ, ಆದಾಯ 5 ಲಕ್ಷ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 15 ಲಕ್ಷ ಕರಗುತ್ತದೆ. ಹದಿಮೂರು ತಿಂಗಳಲ್ಲಿ ಖಾತೆ ಬರಿದಾಗುತ್ತದೆ. ಹೊಸ ಹೂಡಿಕೆ ತರಲು ಆರೇಳು ತಿಂಗಳು ಬೇಕಾಗುವುದರಿಂದ ಅಪಾಯದ ಗಂಟೆ ಬಾರಿಸುವುದು ಇನ್ನೂ ಅರ್ಧ ಹಣ ಇರುವಾಗಲೇ. ಹೂಡಿಕೆಯನ್ನೇ ನೆಚ್ಚದ ದಾರಿಯೂ ಇದೆ. ನಿತಿನ್ ಕಾಮತ್ 2010ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಷೇರು ದಲ್ಲಾಳಿ ಸಂಸ್ಥೆ ಝೀರೋದಾ ಹೊರಗಿನ ಬಂಡವಾಳ ಪಡೆಯದೆ ಗ್ರಾಹಕರ ಹಣದಿಂದಲೇ ಬೆಳೆಯಿತು.

ಒಬ್ಬರದೇ ಎರಡು ಫಲಿತಾಂಶ

ಗೆಲುವು ಸ್ಥಾಪಕರ ಜಾಣ್ಮೆಯೊಂದನ್ನೇ ಅವಲಂಬಿಸಿಲ್ಲ ಎಂಬುದಕ್ಕೆ ಎನ್‌ಐಟಿಕೆಯ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಅಪ್ರಮೇಯ ರಾಧಾಕೃಷ್ಣ ಅವರ ಅನುಭವ ಸಾಕ್ಷಿ. ಅವರು ರಘುನಂದನ್ ಜಿ. ಅವರೊಂದಿಗೆ 2011ರಲ್ಲಿ ಸ್ಥಾಪಿಸಿದ ಟ್ಯಾಕ್ಸಿ ಫಾರ್ ಶ್ಯೂರ್ ಸಂಸ್ಥೆಯನ್ನು 2015ರಲ್ಲಿ ಓಲಾ ಸುಮಾರು 20 ಕೋಟಿ ಡಾಲರ್‌ಗೆ ಖರೀದಿಸಿತು. ಐದು ವರ್ಷಗಳ ಬಳಿಕ ಅವರೇ ಮಯಾಂಕ್ ಬಿದಾವತ್ಕ ಅವರೊಂದಿಗೆ ‘ಕೂ’ ಜಾಲತಾಣವನ್ನು ಕಟ್ಟಿದರು. ಟ್ವಿಟರ್ ಮಾದರಿಯ ಈ ತಾಣದ ಆರಂಭ ಕನ್ನಡದಲ್ಲೇ ಆದದ್ದು ಕನ್ನಡಿಗರಿಗೆ ಸಂತಸದ ವಿಷಯವಾಗಿತ್ತು. ಬಳಕೆದಾರರು ಲಕ್ಷಗಳ ಸಂಖ್ಯೆಯಲ್ಲಿ ಬಂದರೂ ಖರ್ಚಿಗೆ ತಕ್ಕ ಆದಾಯ ಬರಲಿಲ್ಲ. 2022ರ ನಂತರ ಹೂಡಿಕೆಯ ಹರಿವು ಕುಗ್ಗಿತು. ಮಾರಾಟದ ಮಾತುಕತೆಗಳು ಫಲಿಸದೆ 2024ರ ಜುಲೈನಲ್ಲಿ ಮುಚ್ಚುವ ನಿರ್ಧಾರ ಪ್ರಕಟವಾಯಿತು. ಅನುಭವಿ ಸ್ಥಾಪಕರು ಮತ್ತು ನೈಜ ಅಗತ್ಯ ಇದ್ದೂ ಕಾಲ ಮತ್ತು ಹಣ ಕೈಕೊಟ್ಟವು.

ಜನ ಅಲ್ಲಿ ದುಡಿಯುವುದೇಕೆ?

ಇಷ್ಟು ಅನಿಶ್ಚಿತತೆ ಇದ್ದೂ ಮೂಡ್ಲಕಟ್ಟೆ, ಬಂಟಕಲ್ಲು, ನಿಟ್ಟೆ, ಮಣಿಪಾಲದ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವವರಲ್ಲಿ ಕೆಲವರು ದೊಡ್ಡ ಕಂಪನಿಯ ನೇಮಕ ಪತ್ರ ಬಿಟ್ಟು ಸಣ್ಣ ತಂಡ ಸೇರುತ್ತಾರೆ. ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಕಲಿಕೆ. ಹತ್ತು ಜನರ ಕಂಪನಿಯಲ್ಲಿ ತಂತ್ರಾಂಶ ಬರೆದವನೇ ಅದನ್ನು ಪರೀಕ್ಷಿಸಬೇಕು, ಗ್ರಾಹಕರ ದೂರು ಕೇಳಬೇಕು, ರಾತ್ರಿ ಸರ್ವರ್ ನಿಂತರೆ ಎದ್ದು ಸರಿಪಡಿಸಬೇಕು. ದೊಡ್ಡ ಸಂಸ್ಥೆಯಲ್ಲಿ ಐದು ವರ್ಷಗಳಲ್ಲಿ ಕಾಣುವುದನ್ನು ಇಲ್ಲಿ ಎರಡು ವರ್ಷಗಳಲ್ಲಿ ಕಾಣುವ ಅವಕಾಶವಿದೆ. ಆದರೆ ಕಲಿಸುವ ಹಿರಿಯರು ಇಲ್ಲದ ಕಡೆ ತಪ್ಪುಗಳನ್ನೇ ಅಭ್ಯಾಸ ಮಾಡಿಕೊಳ್ಳುವ ಅಪಾಯವೂ ಉಂಟು.

ಎರಡನೆಯದು ಮಾತಿಗೆ ಬೆಲೆ. ಸ್ಥಾಪಕರು ಪಕ್ಕದ ಮೇಜಿನಲ್ಲೇ ಇರುತ್ತಾರೆ. ಬೆಳಿಗ್ಗೆ ಹೇಳಿದ ಸಲಹೆ ಸಂಜೆಗೆ ಉತ್ಪನ್ನದಲ್ಲಿ ಕಾಣಬಹುದು. ತನ್ನ ಕೆಲಸ ಎಲ್ಲಿಗೆ ತಲುಪಿತು ಎಂಬುದು ಕಣ್ಣಿಗೆ ಕಾಣುವುದು ದೊಡ್ಡ ತೃಪ್ತಿ.

ಮೂರನೆಯದು ಪಾಲುದಾರಿಕೆ. 1981ರಲ್ಲಿ ಏಳು ಮಂದಿ 10 ಸಾವಿರ ರೂ. ಬಂಡವಾಳದೊಂದಿಗೆ ಕಟ್ಟಿದ ಇನ್ಫೊಸಿಸ್ 1994ರಲ್ಲಿ ನೌಕರರಿಗೆ ಷೇರು ನೀಡುವ ಯೋಜನೆ ತಂದಿತು. ಕಂಪನಿಯ ಏಳಿಗೆಯಲ್ಲಿ ಸಂಬಳದಾರನಿಗೂ ಪಾಲುಂಟು ಎಂಬ ಕಲ್ಪನೆ ಮಧ್ಯಮವರ್ಗದ ಮನೆಗಳನ್ನು ತಲುಪಿದ್ದು ಆಗ. 2021ರ ಸೆಪ್ಟೆಂಬರ್‌ನಲ್ಲಿ ಚೆನ್ನೈ ಮೂಲದ ಫ್ರೆಶ್‌ವರ್ಕ್ಸ್ ಅಮೆರಿಕದ ನಾಸ್ಡಾಕ್ ಷೇರುಪೇಟೆ ಪ್ರವೇಶಿಸಿದಾಗ ತನ್ನ 500ಕ್ಕೂ ಹೆಚ್ಚು ನೌಕರರು ಕೋಟ್ಯಧೀಶರಾದರೆಂದು ಸ್ಥಾಪಕ ಗಿರೀಶ್ ಮಾತೃಭೂತಂ ತಿಳಿಸಿದ್ದರು.

ನಾಲ್ಕನೆಯದು, ಈ ಭಾಗಕ್ಕೆ ವಿಶೇಷವಾದದ್ದು, ಊರು. ಹೋಟೆಲ್ ಕೆಲಸಕ್ಕೆ ಮುಂಬೈಗೆ, ಬ್ಯಾಂಕ್ ಕೆಲಸಕ್ಕೆ ದೇಶದ ಮೂಲೆಮೂಲೆಗೆ, ಗಣಕದ ಕೆಲಸಕ್ಕೆ ಬೆಂಗಳೂರಿಗೆ ಮಕ್ಕಳನ್ನು ಕಳುಹಿಸುತ್ತ ಬಂದ ಸೀಮೆಯಿದು. ಬ್ರಹ್ಮಾವರದಿಂದ ಉಡುಪಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ಕುಂದಾಪುರದಿಂದಲೂ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಬೈಂದೂರಿನವರಿಗೆ ದಿನವೂ ಓಡಾಡುವುದು ಕಷ್ಟ. 2020ರ ಕೊರೊನಾ ಕಾಲದಲ್ಲಿ ನೂರಾರು ಮನೆಗಳ ಚಾವಡಿಗಳೇ ಕಚೇರಿಗಳಾದಾಗ, ಊರಿನಲ್ಲಿದ್ದೂ ಈ ಕೆಲಸ ಮಾಡಬಹುದೆಂದು ಎಲ್ಲರಿಗೂ ಮನದಟ್ಟಾಯಿತು. ಸಂಬಳ ಬೆಂಗಳೂರಿಗಿಂತ ಕಡಿಮೆಯಾದರೂ ಬಾಡಿಗೆಯಿಲ್ಲ, ಅಪ್ಪ ಅಮ್ಮನ ಆರೈಕೆಗೆ ಹತ್ತಿರವಿರಬಹುದು. ರಾಜ್ಯ ಸರ್ಕಾರದ ಡಿಜಿಟಲ್ ಎಕಾನಮಿ ಮಿಷನ್ ‘ಬಿಯಾಂಡ್ ಬೆಂಗಳೂರು’ ಹೆಸರಿನಲ್ಲಿ ಮಂಗಳೂರು ಉಡುಪಿ ಭಾಗಕ್ಕೆ ಕಂಪನಿಗಳನ್ನು ಸೆಳೆಯಲು ಯತ್ನಿಸುತ್ತಿರುವುದೂ ಇದೇ ನೆಲೆಯಲ್ಲಿ.

ಊರಿನ ಮಿತಿಗಳನ್ನೂ ಮರೆಯುವಂತಿಲ್ಲ. ಬೆಂಗಳೂರಿನಲ್ಲಿ ಕಂಪನಿ ಮುಚ್ಚಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದಿರುತ್ತದೆ. ಇಲ್ಲಿ ಕಂಪನಿ ಮುಚ್ಚಿದರೆ ಮತ್ತೆ ರಾತ್ರಿ ಬಸ್ಸೇ ಗತಿ.

ಷೇರಿನ ಲೆಕ್ಕ

ನೌಕರರಿಗೆ ನೀಡುವ ಷೇರು ಆಯ್ಕೆ, ಅಂದರೆ ಇಸಾಪ್, ಅತಿ ಹೆಚ್ಚು ತಪ್ಪುಗ್ರಹಿಕೆಗೆ ಒಳಗಾಗಿರುವ ವಿಷಯ. ಇದು ಷೇರಲ್ಲ, ನಿಗದಿತ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು. ಕಂಪನಿ ಕಾನೂನಿನ ನಿಯಮದಂತೆ ಮೊದಲ ಕಂತು ಕೈಸೇರಲು ಕನಿಷ್ಠ ಒಂದು ವರ್ಷ ಕಾಯಬೇಕು. ಪೂರ್ಣ ಹಕ್ಕಿಗೆ ನಾಲ್ಕು ವರ್ಷ ಸಾಮಾನ್ಯ.

ಉದಾಹರಣೆಗೆ, ಒಟ್ಟು 1 ಕೋಟಿ ಷೇರುಗಳಿರುವ ಕಂಪನಿ ಒಬ್ಬರಿಗೆ ತಲಾ 10 ರೂ. ಬೆಲೆಯಲ್ಲಿ 5 ಸಾವಿರ ಷೇರುಗಳ ಹಕ್ಕು ನೀಡಿತು ಎನ್ನೋಣ. ಅದು ಶೇ 0.05. ಕಂಪನಿ 100 ಕೋಟಿಗೆ ಮಾರಾಟವಾದರೆ ಅವರ ಪಾಲು 5 ಲಕ್ಷ. ಕೊಳ್ಳುವ ಬೆಲೆ 50 ಸಾವಿರ ಕಳೆದರೆ ಲಾಭ ನಾಲ್ಕೂವರೆ ಲಕ್ಷ. ಆದರೆ ನಡುವೆ ಎರಡು ಬಾರಿ ಹೊಸ ಹೂಡಿಕೆ ಬಂದು ಪ್ರತಿ ಸಲವೂ ಹಳಬರ ಪಾಲು ಐದನೆಯ ಒಂದರಷ್ಟು ಇಳಿದರೆ ಶೇ 0.05 ಇದ್ದದ್ದು ಶೇ 0.032 ಆಗುತ್ತದೆ. ಲಾಭ 2 ಲಕ್ಷ 70 ಸಾವಿರಕ್ಕೆ ಇಳಿಯುತ್ತದೆ. ಮಾರಾಟದ ಹಣದಲ್ಲಿ ಮೊದಲು ತಮ್ಮ ಹೂಡಿಕೆಯನ್ನು ಹಿಂಪಡೆಯುವ ಹಕ್ಕು ಹೂಡಿಕೆದಾರರಿಗೆ ಇದ್ದರೆ ನೌಕರನ ಪಾಲಿಗೆ ಇನ್ನೂ ಕಡಿಮೆ ಉಳಿದೀತು. ಕಂಪನಿ ಮುಚ್ಚಿದರೆ ಏನೂ ಇಲ್ಲ. ಆದ್ದರಿಂದ ‘ಇಷ್ಟು ಸಾವಿರ ಷೇರು’ ಎಂಬ ಸಂಖ್ಯೆಗಿಂತ ಒಟ್ಟು ಷೇರುಗಳಲ್ಲಿ ಅದು ಎಷ್ಟು ಭಾಗ ಎಂಬುದನ್ನು ಕೇಳಬೇಕು. ತಿಂಗಳ ಖರ್ಚನ್ನು ಸಂಬಳದಲ್ಲೇ ಸರಿದೂಗಿಸಿ, ಷೇರನ್ನು ಬಂದರೆ ಲಾಭ ಎಂದೆಣಿಸುವುದು ವಿವೇಕ.

ಬೃಹತ್ ಮೌಲ್ಯ ಭದ್ರತೆಯ ಖಾತರಿಯೇನೂ ಅಲ್ಲ. 2022ರಲ್ಲಿ 2,200 ಕೋಟಿ ಡಾಲರ್ ಮೌಲ್ಯದ್ದೆಂದು ಎಣಿಸಲಾಗಿದ್ದ ಬೆಂಗಳೂರಿನ ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಅಷ್ಟರಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡಿದ್ದರು, ಉಳಿದವರ ಸಂಬಳವೂ ತಡವಾಗಿತ್ತು.

ಸೇರುವ ಮುನ್ನ

ಸಂದರ್ಶನದ ಕೊನೆಯಲ್ಲಿ ‘ನಿಮ್ಮ ಪ್ರಶ್ನೆಗಳೇನಾದರೂ ಇವೆಯೇ’ ಎಂದು ಕೇಳುವುದು ವಾಡಿಕೆ. ಹೆಚ್ಚಿನವರು ಸಂಕೋಚದಿಂದ ಇಲ್ಲವೆನ್ನುತ್ತಾರೆ. ಈ ಕೆಳಗಿನ ಪ್ರಶ್ನೆಗಳನ್ನು ಕೇಳುವುದರಲ್ಲಿ ತಪ್ಪಿಲ್ಲ.

1. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು?

2. ಹಣ ಕೊಡುವ ಗ್ರಾಹಕರು ಎಷ್ಟು ಮಂದಿ? ಒಬ್ಬನೇ ಗ್ರಾಹಕನನ್ನು ನೆಚ್ಚಿಕೊಂಡಿದೆಯೇ?

3. ಕಳೆದ ಒಂದು ವರ್ಷದಲ್ಲಿ ಸಂಬಳ ತಡವಾದದ್ದು ಉಂಟೇ?

4. ಷೇರು ಆಯ್ಕೆಯ ವಿವರ ಲಿಖಿತವಾಗಿ ದೊರೆಯುವುದೇ? ಕೆಲಸ ಬಿಟ್ಟರೆ ಅದರ ಗತಿಯೇನು?

5. ನನ್ನ ಕೆಲಸವನ್ನು ತಿದ್ದುವ ಹಿರಿಯರು ಯಾರು?

ಉತ್ತರಗಳನ್ನು ಸ್ವಲ್ಪಮಟ್ಟಿಗೆ ಸ್ವತಃ ಪರಿಶೀಲಿಸಬಹುದು. ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿಯ ನೋಂದಣಿ ದಿನಾಂಕ ಮತ್ತು ನಿರ್ದೇಶಕರ ಹೆಸರು ದೊರೆಯುತ್ತವೆ. ಅಲ್ಪ ಶುಲ್ಕ ತೆತ್ತರೆ ಸಲ್ಲಿಸಿದ ಲೆಕ್ಕಪತ್ರಗಳನ್ನೂ ನೋಡಬಹುದು. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿ ನಿಯಮ ಅನ್ವಯವಾಗುತ್ತದೆ. ಸೇರಿದ ಬಳಿಕ ಪ್ರತಿ ತಿಂಗಳು ಭವಿಷ್ಯ ನಿಧಿಯ ಪಾಸ್‌ಬುಕ್ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು. ಸಂಬಳದಿಂದ ಕಡಿತವಾದ ಹಣ ಖಾತೆಗೆ ಜಮಾ ಆಗದಿದ್ದರೆ ಅದು ಕಂಪನಿಯ ಸಂಕಷ್ಟದ ಮೊದಲ ಸೂಚನೆಯಾಗಿರಬಹುದು.

ಕೌಟುಂಬಿಕ ಸ್ಥಿತಿಯೂ ನಿರ್ಧಾರದ ಭಾಗವೇ. ಶಿಕ್ಷಣ ಸಾಲದ ಕಂತು ಕಟ್ಟಬೇಕಾದವರಿಗೂ ಮನೆಯ ಹೊಣೆಯಿಲ್ಲದ 22ರ ಹರೆಯದವರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಆರು ತಿಂಗಳ ಖರ್ಚಿಗೆ ಸಾಕಾಗುವ ಉಳಿತಾಯ ಇದ್ದವರು ಧೈರ್ಯವಾಗಿ ಪ್ರಯತ್ನಿಸಬಹುದು. ಇಲ್ಲದವರು ಮೊದಲು ಸ್ಥಿರ ಕೆಲಸದಲ್ಲಿದ್ದು ಅನುಭವ ಮತ್ತು ಉಳಿತಾಯ ಎರಡನ್ನೂ ಕೂಡಿಸಿಕೊಂಡು ಆಮೇಲೆ ಹೊರಡಬಹುದು. ಉದ್ಯಮ ಕಟ್ಟುವವರ ಸರಾಸರಿ ವಯಸ್ಸು 45 ಎಂದಾದರೆ ಅದನ್ನು ಸೇರುವವರಿಗೂ ತಡವಾಯಿತೆಂದು ಆತುರಪಡುವ ಕಾರಣವಿಲ್ಲ.

ಪಾರಂಪಳ್ಳಿಯಿಂದ ಹೊರಟವರಿಗೆ ತಮ್ಮ ಕಾಫಿ ಕ್ಲಬ್ ನೂರು ವರ್ಷ ಬಾಳುವುದೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಆದರೆ ಅವರಿಗೆ ತಮ್ಮ ಕೆಲಸ ತಿಳಿದಿತ್ತು, ಗಿರಾಕಿಗೆ ಏನು ಬೇಕೆಂಬುದೂ ತಿಳಿದಿತ್ತು. ಹೊಸ ಕಂಪನಿಯ ಬಾಗಿಲಲ್ಲಿ ನಿಂತಿರುವ ಇಂದಿನ ತರುಣ ತರುಣಿಯರು ಒಳಗಿರುವವರಲ್ಲಿ ಈ ಎರಡು ಸಂಗತಿಗಳನ್ನು ಮೊದಲು ನೋಡಿಕೊಳ್ಳಬೇಕು. ಮನೆಯವರು ಕೇಳುವ ಪ್ರಶ್ನೆಗೆ ಆಗ ಅವರೇ ಉತ್ತರ ಹೇಳಬಲ್ಲರು.